ಬರೆಯದ ಮಾತಿನ ನಟ

2025ರ ಅಕ್ಟೋಬರ್ 13ರಂದು, ಚಲನಚಿತ್ರವೊಂದರ ಚಿತ್ರೀಕರಣಕ್ಕೆಂದು ಉಡುಪಿಯ ಕಡೆಗೆ ಹೋಗಿದ್ದ ರಾಜು ತಾಳಿಕೋಟಿಯವರು ಹೃದಯಾಘಾತದಿಂದ ತೀರಿಕೊಂಡರು. ಮರುದಿನ ತರಗತಿಯಲ್ಲಿ ನಾನು ಅವರ ಹೆಸರೆತ್ತಿದೆ. ಪೇಟೆಯ ಹುಡುಗನೊಬ್ಬ, "ಬಿಗ್ ಬಾಸ್‌ನಾಗ ಇದ್ದರಲ್ಲರೀ ಸರ್, ಅವರ?" ಎಂದು ಕೇಳಿದ. ಹಳ್ಳಿಯಿಂದ ಬರುವ ಹುಡುಗಿಯೊಬ್ಬಳು, "ನಮ್ಮಪ್ಪ ‘ಕಲಿಯುಗದ ಕುಡುಕ’ ಪೂರಾ ಬಾಯಿಪಾಠ ಹೇಳ್ತಾನ್ರಿ ಸರ್" ಎಂದಳು. ಒಬ್ಬನೇ ನಟನನ್ನು ಕುರಿತ ಈ ಎರಡು ಉತ್ತರಗಳ ನಡುವೆ ಒಂದು ಕಲೆಯ ಏಳುಬೀಳೆಲ್ಲ ಅಡಗಿದೆಯೆಂದು ನನಗೆ ತೋರಿತು.

ರಾಜು ಅವರು ಸಿಂದಗಿ ತಾಲೂಕಿನ ಚಿಕ್ಕಸಿಂದಗಿಯವರು. ಅವರ ಮನೆತನದ ನಾಟಕ ಕಂಪನಿ ತಾಳಿಕೋಟಿಯ ಖಾಸ್ಗತೇಶ್ವರ ನಾಟ್ಯ ಸಂಘ. ಇಂದು ತಾನೇ ಒಂದು ತಾಲೂಕಾಗಿರುವ ತಾಳಿಕೋಟಿ ಮೊನ್ನೆಮೊನ್ನೆಯವರೆಗೆ ಮುದ್ದೇಬಿಹಾಳಕ್ಕೆ ಸೇರಿತ್ತು. ನಮ್ಮ ಇತಿಹಾಸದ ಪುಸ್ತಕಗಳು ಈ ಊರನ್ನು 1565ರ ಯುದ್ಧದ ಹೆಸರಿನಿಂದ ಮಾತ್ರ ಬಲ್ಲವು. ಅದೇ ಊರಿನ ಹೆಸರು ಹೊತ್ತ ಮುಸಲ್ಮಾನ ಕುಟುಂಬವೊಂದು ಮಠದ ಗುರುವಿನ ಹೆಸರಿನಲ್ಲಿ ಕಂಪನಿ ಕಟ್ಟಿ, ಬಣ್ಣ ಹಚ್ಚಿ, ಊರೂರು ನಗಿಸಿದ ಸಂಗತಿ ಆ ಪುಸ್ತಕಗಳಲ್ಲಿಲ್ಲ.

ವೃತ್ತಿ ರಂಗಭೂಮಿಯಲ್ಲಿ ಹಾಸ್ಯನಟನ ಸ್ಥಾನವೇ ವಿಲಕ್ಷಣವಾದುದು. ನಾಯಕನಾಡುವುದು ಕವಿ ಬರೆದ ಮಾತು. ಹಾಸ್ಯನಟನಿಗೆ ಕವಿ ಕೊಡುವುದು ಸಂದರ್ಭವನ್ನಷ್ಟೇ. ಅದನ್ನು ಮಾತಾಗಿ ಬೆಳೆಸುವ ಹೊಣೆ ಅವನದೇ. ನಮ್ಮ ದೊಡ್ಡಾಟದ ಸಾರಥಿ ಬಂದ ಪಾತ್ರಗಳನ್ನೆಲ್ಲ ಮಾತನಾಡಿಸುತ್ತ ಅನುಭವಿಸುವ ಸ್ವಾತಂತ್ರ್ಯವೇ ಇವನಿಗೂ ಒದಗಿ ಬಂದಿದೆ. ಮೈಸೂರಿನ ಕಡೆ ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ ನಾಟಕದೊಳಗೆ ಅಂದಂದಿನ ರಾಜಕೀಯ ವರ್ತಮಾನವನ್ನು ಹೆಣೆದು ಮಂತ್ರಿಗಳನ್ನೂ ಬಿಡದೆ ಕುಟುಕಿದ್ದು ಇದೇ ಆಶುಮಾತಿನ ಬಲದಿಂದ. ಅವರು 2019ರಲ್ಲಿ ತೀರಿಕೊಂಡರು.

ಆಶುಮಾತು ಹುಟ್ಟುವುದು ಹೇಗೆ? ಬಾಲ್ಯದಲ್ಲಿ ಒಂದು ಜಾತ್ರೆಯ ಟೆಂಟಿನಲ್ಲಿ ಕಂಡದ್ದನ್ನು ಹೇಳುತ್ತೇನೆ. ರಂಗದ ಮೇಲೆ ಹಾಸ್ಯನಟನಿದ್ದಾಗಲೇ ಕರೆಂಟು ಹೋಯಿತು. ಜನ ಗದ್ದಲವೆಬ್ಬಿಸಿದರು. ಕತ್ತಲೆಯೊಳಗಿಂದ ಅವನ ಧ್ವನಿ ಬಂದಿತು: "ಅಂಜಬ್ಯಾಡ್ರಿ, ಕರೆಂಟ್ ಅಷ್ಟೇ ಹೋಗೇತಿ, ನಾ ಇಲ್ಲೇ ಅದೀನಿ. ಅದು ಬರೂತನಾ ನಿಮ್ಮ ನಿಮ್ಮ ಕಿಸೆ ನೀವು ಹಿಡಕೊಂಡು ಕೂಡ್ರಿ." ಕೂಡಲೆ ಹಿಂದಿನಿಂದ ಮುದುಕನೊಬ್ಬ ಕೂಗಿದ: "ಕಿಸೇದಾಗ ಏನೈತೋ ತಮ್ಮಾ, ಇದ್ದದ್ದೆಲ್ಲಾ ನಿನ್ನ ಟಿಕೇಟಿಗೇ ಹೋತು!" ನಟ ಒಂದು ಗಳಿಗೆ ಸುಮ್ಮನಿದ್ದು, "ಹಂಗಾರ ಕಾಕಾ, ನಾಳೆ ನೀ ಇಲ್ಲಿ ಬಾ, ನಾ ಅಲ್ಲಿ ಕೂಡ್ತೀನಿ" ಎಂದ. ದೀಪ ಬರುವವರೆಗೆ ಟೆಂಟೆಲ್ಲ ನಗುತ್ತಲೇ ಇತ್ತು.

ಆ ನಗೆಯ ಕರ್ತೃ ಯಾರು? ನಟನೊಬ್ಬನೇ ಅಲ್ಲ, ಮುದುಕನೂ ಅಹುದು. ಮರುಮಾತಿಗೆ ಮುನ್ನ ನಟ ಸುಮ್ಮನಿದ್ದ ಆ ಗಳಿಗೆಯೂ ಅದರಲ್ಲಿ ಪಾಲುದಾರ. ಉತ್ತರ ಕೊಡಬಲ್ಲ ಪ್ರೇಕ್ಷಕ ಎದುರಿಗಿದ್ದಾಗಲೇ ಆಶುಹಾಸ್ಯ ಜೀವ ತಳೆಯುತ್ತದೆ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ರಾಜು ಅವರ ಮುಂದಿನ ಪಯಣವನ್ನು ನೋಡಬೇಕು.

‘ಕಲಿಯುಗದ ಕುಡುಕ’ ಕ್ಯಾಸೆಟ್ಟಾಗಿ ಮನೆಮನೆಗೆ ಬಂತು. ನೋಡದವರೂ ಕೇಳಿ ನಕ್ಕರು. ಲಾಭವೆಂದರೆ ನಟನ ಹೆಸರು ಕಂಪನಿಯ ಬಂಡಿ ಮುಟ್ಟದ ಊರನ್ನೂ ಮುಟ್ಟಿತು. ನಷ್ಟವೂ ಇಲ್ಲದಿಲ್ಲ. ಒಂದು ರಾತ್ರಿಯ ಮಾತು ಎಲ್ಲ ರಾತ್ರಿಗಳ ಮಾತಾಯಿತು. ಬಾಯಿಪಾಠ ಬಲ್ಲ ಪ್ರೇಕ್ಷಕ ಹೊಸ ಮಾತನ್ನು ಬೇಡುವುದಿಲ್ಲ, ತಾನು ಬಲ್ಲ ಮಾತನ್ನೇ ಬೇಡುತ್ತಾನೆ. ಆಶುನಟನಿಗೆ ಅವನ ಕೀರ್ತಿಯೇ ಬೇಲಿಯಾಗುವುದು ಹೀಗೆ.

ಬಳಿಕ ಚಲನಚಿತ್ರ ಬಂತು. ಯೋಗರಾಜ ಭಟ್ಟರ ‘ಮನಸಾರೆ’ (2009), ‘ಪಂಚರಂಗಿ’ (2010) ಚಿತ್ರಗಳು ಅವರನ್ನು ನಾಡಿಗೆಲ್ಲ ಪರಿಚಯಿಸಿದವು. ನಮ್ಮ ಭಾಗದ ನುಡಿ ಬೆಂಗಳೂರಿನ ಚಿತ್ರಮಂದಿರಗಳಲ್ಲಿ ಕೇಳಿಸಿತೆಂದು ನಾವು ಹಿಗ್ಗಿದೆವು. ಆದರೆ ಅಲ್ಲೊಂದು ಸೂಕ್ಷ್ಮವಿದೆ. ಸಿಂದಗಿಯಲ್ಲಿ "ಹೌದ್ರಿ" ಎಂದರೆ ಯಾರೂ ನಗುವುದಿಲ್ಲ, ಅದರ ಮುಂದೆ ಬರುವ ಮಾತಿಗೆ ನಗುತ್ತಾರೆ. ಚಿತ್ರಮಂದಿರದಲ್ಲಿ "ಹೌದ್ರಿ" ಎಂಬುದಕ್ಕೇ ನಗೆ ಬೀಳುತ್ತದೆ. ಮೊದಲನೆಯದು ಅರ್ಥಕ್ಕೆ ಸಂದ ನಗೆ, ಎರಡನೆಯದು ಉಚ್ಚಾರಕ್ಕೆ ಸಂದುದು. ಆಡುಮಾತಿನಲ್ಲೇ ಅನುಭಾವವನ್ನು ನುಡಿದ ಬಸವಣ್ಣನ ಬಾಗೇವಾಡಿ ಇರುವ ಜಿಲ್ಲೆಯ ನುಡಿಗೆ ಈ ಗತಿ ಬರಬೇಕೆ?

ದೂರದರ್ಶನದ ಕಥೆ ಇನ್ನೂ ಬೇರೆ. ಈಚಿನ ದಶಕದಲ್ಲಿ ‘ಮಜಾ ಟಾಕೀಸ್’, ‘ಕಾಮಿಡಿ ಕಿಲಾಡಿಗಳು’ ಮುಂತಾದ ಕಾರ್ಯಕ್ರಮಗಳು ನಗೆಯನ್ನು ವಾರದ ಪದಾರ್ಥವನ್ನಾಗಿ ಮಾಡಿದವು. 2019ರಲ್ಲಿ ರಾಜು ಅವರು ‘ಬಿಗ್ ಬಾಸ್’ನ ಏಳನೆಯ ಆವೃತ್ತಿಯ ಮನೆ ಹೊಕ್ಕರು. ಅಲ್ಲಿ ಬರೆದ ನಾಟಕವಿಲ್ಲ. ಮೇಲ್ನೋಟಕ್ಕೆ ಆಶುನಟನಿಗೆ ಅದಕ್ಕಿಂತ ತಕ್ಕ ತಾಣವಿಲ್ಲ. ಆದರೆ ಇಡೀ ದಿನದ ಮಾತನ್ನು ಒಂದೂವರೆ ತಾಸಿಗೆ ಕತ್ತರಿಸುವವನು ಬೇರೊಬ್ಬ. ನಟನ ಬಹುದೊಡ್ಡ ಸಾಧನವಾದ ಆ ಒಂದು ಗಳಿಗೆಯ ಮೌನ ಕತ್ತರಿಯವನ ಕೈಸೇರುತ್ತದೆ. ಕಂಪನಿಯಲ್ಲಿ ಆಟ ಮುಗಿದ ಮೇಲೆ ಬಣ್ಣ ಒರೆಸಿಕೊಂಡು ಮನುಷ್ಯನಾಗಬಹುದಿತ್ತು. ಇಲ್ಲಿ ಮನುಷ್ಯನೇ ಪಾತ್ರ. ನೋಡುವವನು ನಗಬಹುದು, ಬೈಯಬಹುದು, ಮತ ಹಾಕಬಹುದು. ಆ ಮುದುಕನಂತೆ ಮರುಮಾತಾಡಲಾರ.

ಇಷ್ಟೆಂದ ಮಾತ್ರಕ್ಕೆ ಟೆಂಟಿನ ಕಾಲವೇ ಸ್ವರ್ಗವೆಂದು ನಾನು ವಾದಿಸುವುದಿಲ್ಲ. ಕಂಪನಿ ಹಾಸ್ಯದಲ್ಲಿ ದ್ವಂದ್ವಾರ್ಥದ ಮಾತು ಹೇರಳವಾಗಿತ್ತು. ಹೆಂಡತಿಯನ್ನೂ ಅಂಗವಿಕಲರನ್ನೂ ಹೀಯಾಳಿಸಿ ಗಿಟ್ಟಿಸಿದ ಸುಲಭದ ನಗೆಯೂ ಇತ್ತು. ತತ್‌ಕ್ಷಣ ಹೊಳೆದದ್ದೆಲ್ಲ ಪ್ರತಿಭೆಯಲ್ಲ. ಅಲ್ಲದೆ ಕ್ಯಾಮೆರಾ ನಟನಿಗೆ ಅನ್ನ ಕೊಟ್ಟಿತು. ಟೆಂಟುಗಳು ಬರಿದಾಗುತ್ತಿದ್ದಾಗ ಅದನ್ನು ನಾವು ಕೊಡಲಿಲ್ಲ.

2024ರಲ್ಲಿ ಸರಕಾರ ರಾಜು ಅವರನ್ನು ಧಾರವಾಡ ರಂಗಾಯಣದ ನಿರ್ದೇಶಕರನ್ನಾಗಿ ನೇಮಿಸಿತು. ಇದು ಸಣ್ಣ ಸಂಗತಿಯಲ್ಲ. ಇದೇ ಜಿಲ್ಲೆಯ ಇಂಡಿ ತಾಲೂಕಿನ ಅಗರಖೇಡದಲ್ಲಿ ಹುಟ್ಟಿದ ಶ್ರೀರಂಗರು ಕಂಪನಿ ನಾಟಕದ ಜಾಡು ಬಿಟ್ಟು ಆಧುನಿಕ ನಾಟಕವನ್ನು ಕಟ್ಟಿದವರು. ಶ್ರೀರಂಗರನ್ನು ನಾವು ಪಾಠ ಹೇಳುತ್ತೇವೆ, ಹೇಳಲೇಬೇಕು. ಆದರೆ ಕಂಪನಿಯ ಹಾಸ್ಯನಟನ ಹೆಸರು ನಮ್ಮ ಪಠ್ಯದಲ್ಲಿ ಬರದು. ಕಂಪನಿಯ ಕುಡುಕನ ಪಾತ್ರಧಾರಿ ರಂಗಾಯಣದ ಪೀಠದಲ್ಲಿ ಕುಳಿತಾಗ ಆ ಗೋಡೆಯಲ್ಲೊಂದು ಬಾಗಿಲು ತೆರೆದಿತ್ತು. ಒಂದೂಕಾಲು ವರುಷ ತುಂಬುವ ಮುನ್ನವೇ ಸಾವು ಅವರನ್ನು ಕರೆದೊಯ್ದಿತು.

ಈಗ ನಾವು ಮಾಡಬಹುದಾದುದೇನು? ಅಂದು ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯ ಗೆಳೆಯರು ಬೀಸುವ ಕಲ್ಲಿನ ಮುಂದಿನ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ತಂದರು. ಅದುವರೆಗೆ ಅದನ್ನು ಸಾಹಿತ್ಯವೆಂದವರೆಷ್ಟು ಮಂದಿ? ನಮ್ಮ ನಾಲ್ಕು ತಾಲೂಕುಗಳ ವಿದ್ಯಾರ್ಥಿಗಳು ಈ ವರ್ಷದ ಜಾತ್ರೆಗಳಲ್ಲಿ ನಾಟಕದ ಟೆಂಟು ಹೊಕ್ಕು, ಹಳೆಯ ಹಾಸ್ಯನಟರೊಡನೆ ಕುಳಿತು ಅವರ ಮಾತನ್ನು ಬರೆದುಕೊಳ್ಳಲಿ. ಅವರ ಮಾತೊಂದನ್ನೇ ಬರೆದರೆ ಇನ್ನೊಂದು ಕ್ಯಾಸೆಟ್ಟಾದೀತು. ಯಾವ ಊರು, ಯಾವ ಸಂದರ್ಭ, ಪ್ರೇಕ್ಷಕರಲ್ಲಿ ಯಾರು ಏನೆಂದರು, ನಟ ಎಷ್ಟು ಹೊತ್ತು ಸುಮ್ಮನಿದ್ದ, ಇವೆಲ್ಲ ಬರಬೇಕು. ನನ್ನ ಬಾಲ್ಯದ ಆ ಮುದುಕನ ಹೆಸರು ನನಗೆ ತಿಳಿಯದು. ಅವನಂಥವರ ಹೆಸರೂ ಆ ವಹಿಯಲ್ಲಿ ಇರಲಿ.