ತೂಕಕ್ಕೆ ಹೋಗುತ್ತಿರುವ ನಮ್ಮ ಸಿನಿಮಾ

ಗುಜರಿ ಅಂಗಡಿಯ ತಕ್ಕಡಿಯಲ್ಲಿ ಸಿನಿಮಾ ಸಿ.ಡಿ.ಗೆ ಬೇರೆ ದರವಿಲ್ಲ. ಒಡೆದ ಬಕೆಟ್ಟು, ಮುರಿದ ಕುರ್ಚಿ, ಕೆಟ್ಟ ರಿಮೋಟುಗಳ ಜೊತೆಗೇ ಅದೂ ಪ್ಲಾಸ್ಟಿಕ್ಕಿನ ಲೆಕ್ಕಕ್ಕೆ ಸೇರುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಹಳೆಯ ಮನೆ ಕೆಡವಿದಾಗ, ಅಟ್ಟ ಖಾಲಿ ಮಾಡಿದಾಗ, ಸಿ.ಡಿ. ಅಂಗಡಿ ಮೊಬೈಲ್ ಅಂಗಡಿಯಾದಾಗ ಚೀಲಗಟ್ಟಲೆ ಡಿಸ್ಕು, ಕ್ಯಾಸೆಟ್ಟುಗಳು ಹೀಗೆ ತೂಕಕ್ಕೆ ಬೀಳುತ್ತವೆ. ಅವುಗಳ ನಡುವೆ ಕಪ್ಪು-ಬಿಳುಪಿನ ಪೌರಾಣಿಕ ಚಿತ್ರಗಳಿರುತ್ತವೆ, ಎಪ್ಪತ್ತರ ದಶಕದ ಹೊಸ ಅಲೆಯ ಚಿತ್ರಗಳಿರುತ್ತವೆ, ಒಂದೇ ವಾರ ಓಡಿ ಮರೆತುಹೋದ ಚಿತ್ರಗಳೂ ಇರುತ್ತವೆ. ಹಳೆಯ ಚಿತ್ರಗಳ ಸಂಗ್ರಹವನ್ನು ಈ ಸಂಚಿಕೆಯ ವಿಷಯವಾಗಿ ಎತ್ತಿಕೊಂಡಿರುವುದು ಆ ಚೀಲಗಳಿಗಾಗಿ. ಅವು ಕನ್ನಡ ಜನರ ಕೈಯಲ್ಲಿ ಉಳಿದಿರುವ ಸಿನಿಮಾ ಭಂಡಾರ. ಹತ್ತಿಪ್ಪತ್ತು ರೂಪಾಯಿಗೆ ಅವನ್ನು ಹುಡುಕಿ ತಂದು ಕಾಪಾಡುವವರು ಊರಿಗೆ ಬೇಕಾದ ಕೆಲಸ ಮಾಡುತ್ತಿದ್ದಾರೆಂದು ನಾನು ನಂಬುತ್ತೇನೆ.

ಇಂಥ ಹುಡುಕಾಟ ಲೋಕದ ಬೇರೆಡೆಯೂ ಇದೆ. ಅಲ್ಲಿ ಅದರ ಮೆಚ್ಚಿನ ವಸ್ತು ಲೇಸರ್ ಡಿಸ್ಕ್. 1978ರ ಡಿಸೆಂಬರಿನಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಅದು ಮೊದಲು ಮಾರಾಟಕ್ಕೆ ಬಂತು. ಗ್ರಾಮಫೋನಿನ ಎಲ್.ಪಿ.ಯಷ್ಟೇ ಅಗಲ, ಸುಮಾರು 30 ಸೆಂಟಿಮೀಟರ್. ಒಂದು ಮಗ್ಗುಲಿಗೆ ಹೆಚ್ಚೆಂದರೆ ಒಂದು ಗಂಟೆಯ ಚಿತ್ರ. ಅಲ್ಲಿಗೆ ನಿಲ್ಲಿಸಿ, ಮಗುಚಿ ಹಾಕಬೇಕು. ಡಿ.ವಿ.ಡಿ. ಬಂದ ಮೇಲೆ ಅದರ ಕಾಲ ಮುಗಿಯಿತು. ಜಪಾನಿನ ಪಯೋನಿಯರ್ ಕಂಪನಿ 2009ರಲ್ಲಿ ಪ್ಲೇಯರ್ ತಯಾರಿಕೆಯನ್ನೂ ಕೈಬಿಟ್ಟಿತು. ಆದರೂ ಸಂಗ್ರಾಹಕರು ಇಂದಿಗೂ ಅದನ್ನು ಹುಡುಕುತ್ತಾರೆ. ಕೆಲವು ಚಿತ್ರಗಳು ಮೊದಲು ಬಿಡುಗಡೆಯಾದ ರೂಪದಲ್ಲಿ, ಆಮೇಲಿನ ತಿದ್ದುಪಡಿಗಳಿಲ್ಲದೆ, ಸಿಗುವುದು ಅದರಲ್ಲೇ. 1984ರಲ್ಲಿ ಕ್ರೈಟೀರಿಯನ್ ಸಂಸ್ಥೆ ‘ಸಿಟಿಜನ್ ಕೇನ್’ ಮತ್ತು ‘ಕಿಂಗ್ ಕಾಂಗ್’ ಚಿತ್ರಗಳನ್ನು ಲೇಸರ್ ಡಿಸ್ಕಿನಲ್ಲಿ ಹೊರತಂದಾಗ, ‘ಕಿಂಗ್ ಕಾಂಗ್’ ಜೊತೆಗೆ ಒಬ್ಬ ವಿದ್ವಾಂಸರ ಮಾತನ್ನು ಬೇರೊಂದು ಧ್ವನಿಪಥದಲ್ಲಿ ಸೇರಿಸಿತ್ತು. ಚಿತ್ರ ನೋಡುತ್ತಲೇ ಅದರ ಕುರಿತ ಪಾಠವನ್ನೂ ಕೇಳುವ ಪದ್ಧತಿ ಅಲ್ಲಿಂದ ಶುರುವಾಯಿತು. ಮಾರುಕಟ್ಟೆ ಕೈಬಿಟ್ಟ ವಸ್ತುವಿನಲ್ಲಿ ಮತ್ತೆಲ್ಲೂ ಸಿಗದ್ದು ಉಳಿದಿರಬಹುದೆಂಬ ತಿಳಿವಳಿಕೆಯೇ ಆ ಸಂಗ್ರಾಹಕರನ್ನು ನಡೆಸುತ್ತಿದೆ.

ನಮ್ಮ ಕಡೆಯ ಮನೆಗಳಿಗೆ ಲೇಸರ್ ಡಿಸ್ಕ್ ಬರಲಿಲ್ಲ. ಟೂರಿಂಗ್ ಟಾಕೀಸಿನ ಡೇರೆಯಿಂದ ನಾವು ನೇರವಾಗಿ ವೀಡಿಯೊ ಕ್ಯಾಸೆಟ್ಟಿಗೆ ಬಂದೆವು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣದ ಟಿ.ವಿ. ಬಂತು, ಹಿಂದೆಯೇ ವೀಡಿಯೊ ಲೈಬ್ರರಿಗಳು ಬಂದವು. ಶಿವರಾತ್ರಿಯ ಜಾಗರಣೆಗೆ, ಗಣೇಶನ ಪೆಂಡಾಲಿಗೆ ಟಿ.ವಿ., ವಿ.ಸಿ.ಪಿ. ಮತ್ತು ಕ್ಯಾಸೆಟ್ಟುಗಳನ್ನು ಒಟ್ಟಿಗೇ ಬಾಡಿಗೆಗೆ ತಂದು, ಊರೊಟ್ಟಿನ ಮೇಲೆ ಬೆಳಗಿನವರೆಗೆ ನೋಡುತ್ತಿದ್ದ ಕಾಲ ಅದು. ಆಮೇಲೆ ವಿ.ಸಿ.ಡಿ. ಬಂತು. 1993ರಲ್ಲಿ ಅದರ ಮಾನದಂಡ ನಿಗದಿಯಾಯಿತು. ಒಂದು ಡಿಸ್ಕಿಗೆ 74 ನಿಮಿಷದ ಚಿತ್ರ. ಎರಡೂವರೆ ಗಂಟೆಯ ಕನ್ನಡ ಚಿತ್ರ ಎರಡು ಡಿಸ್ಕಿಗೂ ಇಕ್ಕಟ್ಟಾಗುತ್ತಿತ್ತು, ಮೂರು ಗಂಟೆಯ ಚಿತ್ರಕ್ಕೆ ಮೂರು ಬೇಕು. ಚಿತ್ರದ ಸ್ಪಷ್ಟತೆ ಡಿ.ವಿ.ಡಿ.ಯ ಕಾಲು ಭಾಗ ಮಾತ್ರ. ಆದರೂ ಪ್ಲೇಯರು ಅಗ್ಗ, ಡಿಸ್ಕು ಅಗ್ಗ. 2006-07ರ ಹೊತ್ತಿಗೆ ಮೋಸರ್ ಬೇರ್ ಕಂಪನಿ ವಿ.ಸಿ.ಡಿ.ಯನ್ನು 28 ರೂಪಾಯಿಗೆ, ಡಿ.ವಿ.ಡಿ.ಯನ್ನು 34 ರೂಪಾಯಿಗೆ ಮಾರತೊಡಗಿದಾಗ ಬಾಡಿಗೆಗೆ ತರುವುದಕ್ಕಿಂತ ಕೊಳ್ಳುವುದೇ ಮೇಲೆನಿಸಿತು. ಕೂಲಿ ಮಾಡುವ ಮನೆಯಲ್ಲೂ ಟಿ.ವಿ. ಕೆಳಗೆ ಒಂದು ಡಬ್ಬಿ ಡಿಸ್ಕು ಸೇರಿತು. ಬಳಿಕ ಮೆಮೊರಿ ಕಾರ್ಡಿಗೆ ಹಾಡು, ಸಿನಿಮಾ ತುಂಬಿಸಿಕೊಡುವ ಮೊಬೈಲ್ ಅಂಗಡಿಗಳು ಬಂದವು, ಡಬ್ಬಿ ಅಟ್ಟಕ್ಕೆ ಹೋಯಿತು. ಈಗ ಅಟ್ಟದಿಂದ ಇಳಿಯುತ್ತಿರುವುದು ಆ ಡಬ್ಬಿ.

ನಮ್ಮ ನಾಲ್ಕು ತಾಲ್ಲೂಕುಗಳಿಗೆ ಈ ಡಬ್ಬಿಗಳ ಜೊತೆ ಹತ್ತಿರದ ನಂಟಿದೆ. ಡಾ. ದೊಡ್ಡರಂಗೇಗೌಡರು ಮಧುಗಿರಿ ತಾಲ್ಲೂಕಿನ ಕುರುಬರಹಳ್ಳಿಯವರು. 1978ರ ‘ಪರಸಂಗದ ಗೆಂಡೆತಿಮ್ಮ’ಕ್ಕೂ 1981ರ ‘ಆಲೆಮನೆ’ಗೂ ಅವರು ಬರೆದ ಹಾಡುಗಳು ಇವತ್ತಿಗೂ ರೇಡಿಯೊದಲ್ಲಿ, ಆರ್ಕೆಸ್ಟ್ರಾಗಳಲ್ಲಿ ಕೇಳುತ್ತವೆ. ಹಾಡು ಎಲ್ಲರ ಬಾಯಲ್ಲಿದೆ. ಚಿತ್ರವನ್ನು ಇಡಿಯಾಗಿ ನೋಡಿದ ಇಪ್ಪತ್ತರ ಹರೆಯದವರು ಮಧುಗಿರಿಯಲ್ಲೇ ಅಪರೂಪ. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ, ಮಾರುತಿ ಶಿವರಾಂ ನಿರ್ದೇಶನ, ಲೋಕೇಶ್ ಅಭಿನಯ, ರಾಜನ್-ನಾಗೇಂದ್ರರ ಸಂಗೀತ ಇವೆಲ್ಲ ಕೂಡಿದ ‘ಗೆಂಡೆತಿಮ್ಮ’ದಲ್ಲಿ ಹಾಡು ಕಥೆಯ ಯಾವ ತಿರುವಿನಲ್ಲಿ, ಯಾರ ಬದುಕಿನ ಮೇಲೆ ಬರುತ್ತದೆಂದು ತಿಳಿಯದೆ ಹಾಡನ್ನಷ್ಟೇ ಉಳಿಸಿಕೊಂಡರೆ ಉಳಿದದ್ದು ಅರ್ಧ.

ಶಿರಾ ತಾಲ್ಲೂಕಿನ ಬರಗೂರು ಒಬ್ಬ ನಿರ್ದೇಶಕರನ್ನೇ ಕೊಟ್ಟಿದೆ. ಬರಗೂರು ರಾಮಚಂದ್ರಪ್ಪನವರು 1978ರ ‘ಒಂದು ಊರಿನ ಕಥೆ’ಯಿಂದ ಹಿಡಿದು ‘ಬೆಂಕಿ’, ‘ಕೋಟೆ’, ‘ಶಾಂತಿ’ಯವರೆಗೆ ಹಳ್ಳಿಯ ಜಾತಿ, ಜಮೀನು, ಹಸಿವುಗಳನ್ನು, ಹಿಂಸೆ-ಶಾಂತಿಯ ಪ್ರಶ್ನೆಗಳನ್ನು ತೆರೆಗೆ ತಂದರು. ಒಬ್ಬರೇ ಕಲಾವಿದೆ ನಟಿಸಿದ ‘ಶಾಂತಿ’ ಗಿನ್ನೆಸ್ ದಾಖಲೆಗೂ ಸೇರಿತು. ಇಂಥ ಚಿತ್ರಗಳು ಶಿರಾದ ಪೇಟೆಯಲ್ಲಿ ಎಂದೂ ರಾಶಿಗಟ್ಟಲೆ ಮಾರಾಟವಾದವಲ್ಲ. ಕಡಿಮೆ ಪ್ರತಿ ಅಚ್ಚಾದದ್ದೇ ಮೊದಲು ಕಣ್ಮರೆಯಾಗುತ್ತದೆ. ಆದ್ದರಿಂದ ಸಂಗ್ರಾಹಕರಿಗೆ ನನ್ನ ಸಲಹೆ ಇದು: ಹಬ್ಬಕ್ಕೊಮ್ಮೆ ಟಿ.ವಿ.ಯಲ್ಲಿ ಬರುವ ದೊಡ್ಡ ನಾಯಕರ ಚಿತ್ರ ಕೈಬಿಟ್ಟರೂ ಚಿಂತೆಯಿಲ್ಲ, ಇಂಥದೊಂದು ಕಂಡರೆ ಬಿಡಬೇಡಿ.

ಕೊರಟಗೆರೆಯ ಕಡೆ ಹುಡುಕುವವರು ಗೊರವನಹಳ್ಳಿಯ ಮಹಾಲಕ್ಷ್ಮಿ ದೇವಸ್ಥಾನದ ಬೀದಿಯನ್ನು, ಸಿದ್ಧರಬೆಟ್ಟದ ಬುಡವನ್ನು ನೋಡಬೇಕು. ಜನ ಸೇರುವ ಕ್ಷೇತ್ರಗಳಲ್ಲಿ ಭಕ್ತಿಗೀತೆಯ ಸಿ.ಡಿ. ಮಾರುವ ಅಂಗಡಿಗಳು ಕೊನೆಯವರೆಗೂ ಉಳಿದವು. ದೇವರ ಹಾಡಿನ ಸಾಲಿನಲ್ಲೇ ಹಳೆಯ ಭಕ್ತಿಪ್ರಧಾನ ಚಿತ್ರಗಳೂ ಇರುತ್ತಿದ್ದವು. ಮಾರಾಟ ನಿಂತ ಅಂಗಡಿಯ ಕೆಳಖಾನೆಯಲ್ಲಿ ಸೀಲು ಒಡೆಯದ ಪ್ರತಿ ಉಳಿದಿದ್ದರೆ ಅಂಗಡಿಯವರು ಸಂತೋಷದಿಂದಲೇ ಕೊಡುತ್ತಾರೆ. ಮರ್ಯಾದೆಯಿಂದ ಕೇಳಬೇಕು, ಬೆಲೆಗೆ ಹೆಚ್ಚು ಎಳೆದಾಡಬಾರದು. ಹತ್ತು ರೂಪಾಯಿ ಉಳಿಸಹೋಗಿ ಒಬ್ಬ ಅಂಗಡಿಯವರ ವಿಶ್ವಾಸ ಕಳೆದುಕೊಂಡರೆ ಮುಂದಿನ ಚೀಲ ನಮಗೆ ಸಿಗುವುದಿಲ್ಲ.

ಪಾವಗಡದ್ದು ಇನ್ನೊಂದು ಬಗೆಯ ಸಿರಿ. ಮೂರು ಕಡೆ ಆಂಧ್ರ ಸುತ್ತಿರುವ ಈ ತಾಲ್ಲೂಕಿನಲ್ಲಿ ಕನ್ನಡ, ತೆಲುಗು ಒಂದೇ ಮನೆಯ ಮಾತು. ಡಿಸ್ಕುಗಳೂ ಹಾಗೆಯೇ ಬೆರೆತಿರುತ್ತವೆ. ರಾಜ್‌ಕುಮಾರರ ಪಕ್ಕದಲ್ಲೇ ಎನ್.ಟಿ. ರಾಮರಾಯರು. ಗಡಿಯಾಚೆ ಮಡಕಶಿರಾ, ಅಮರಾಪುರ, ರೊಳ್ಳ, ಅಗಳಿಗಳಲ್ಲಿ ಕನ್ನಡದ ಮನೆಗಳಿವೆ. ಅವರು ಶಿರಾದ ಸಂತೆಗೂ ಬರುತ್ತಾರೆ, ಹಿಂದೂಪುರದ ಪೇಟೆಗೂ ಹೋಗುತ್ತಾರೆ. ಕನ್ನಡದ ಡಿಸ್ಕು ಹುಡುಕುವವರು ಆ ಕಡೆಗೂ ಹೋಗಬೇಕು. 1954ರಲ್ಲಿ ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ ‘ಬೇಡರ ಕಣ್ಣಪ್ಪ’ ರಾಜ್‌ಕುಮಾರರನ್ನು ನಾಯಕರನ್ನಾಗಿ ಮಾಡಿತು. ಅದರ ನಿರ್ಮಾಣದಲ್ಲಿ ನಮ್ಮ ಜಿಲ್ಲೆಯವರೇ ಆದ ಗುಬ್ಬಿ ವೀರಣ್ಣನವರ ಕೈ ಇತ್ತು. ಅದೇ ವರ್ಷ ಅದೇ ಕಥೆ ತೆಲುಗಿನಲ್ಲಿ ‘ಕಾಳಹಸ್ತಿ ಮಹಾತ್ಮ್ಯಂ’ ಆಯಿತು, ಅಲ್ಲಿಯೂ ಕಣ್ಣಪ್ಪನಾಗಿ ನಟಿಸಿದವರು ರಾಜ್‌ಕುಮಾರ್. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ ಎರಡು ಭಾಷೆಯಲ್ಲೂ ಸವಿಯಬಲ್ಲ ಜನ ಪಾವಗಡದಲ್ಲಿದ್ದಾರೆ. ಅಂಥ ನೋಡುಗರಿರುವ ಊರಿನಲ್ಲಿ ಆ ಎರಡೂ ಚಿತ್ರ ಕೈಗೆ ಸಿಗುವಂತಿರಬೇಕು.

ಕೊಳ್ಳುವಾಗ ನೋಡಬೇಕಾದವು ಕೆಲವಿವೆ. ಡಿಸ್ಕಿನ ಹೊಳೆಯುವ ಮಗ್ಗುಲು ಬೆಳ್ಳಿಯ ಬಣ್ಣದ್ದಾಗಿದ್ದರೆ ಅದು ಕಂಪನಿ ಅಚ್ಚು ಹಾಕಿದ್ದು. ಹಸಿರು ಅಥವಾ ನೀಲಿ ಛಾಯೆಯಿದ್ದರೆ ಮನೆಯಲ್ಲೋ ಅಂಗಡಿಯಲ್ಲೋ ನಕಲು ಮಾಡಿದ್ದು. ಅದರ ಬಣ್ಣದ ಪದರ ಬಿಸಿಲಿಗೆ, ಸೆಕೆಗೆ ಬೇಗ ಸಾಯುತ್ತದೆ. ಡಿಸ್ಕನ್ನು ಬೆಳಕಿಗೆ ಹಿಡಿದಾಗ ಸೂಜಿಮೊನೆಯಂಥ ತೂತು ಕಂಡರೆ ಲೋಹದ ಪದರ ಹೋಗಿದೆಯೆಂದು ಅರ್ಥ. ಲೇಸರ್ ಡಿಸ್ಕುಗಳನ್ನು ಕಾಡುವುದೂ ಇಂಥದೇ ರೋಗ: ಒಳಗಿನ ಅಂಟಿನ ಸಂದಿಯಿಂದ ಗಾಳಿ-ತೇವ ಹೊಕ್ಕು ಅಲ್ಯೂಮಿನಿಯಂ ಕೆಡುತ್ತದೆ. ವಿ.ಸಿ.ಡಿ.ಯಲ್ಲಿ ಲೋಹದ ಪದರ ಹೆಸರು ಅಚ್ಚಾದ ಮೇಲ್ಮಗ್ಗುಲಿಗೇ ಅಂಟಿಕೊಂಡಿರುವುದರಿಂದ ಮೇಲಿನ ಗೀರು ಕೆಳಗಿನ ಗೀರಿಗಿಂತ ಹೆಚ್ಚು ಅಪಾಯ. ಬಾಲ್ ಪೆನ್ನಿನಲ್ಲಿ ಬರೆಯಬೇಡಿ, ಕಾಗದದ ಚೀಟಿ ಅಂಟಿಸಬೇಡಿ. ಒರೆಸುವಾಗ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸಿ, ಸುತ್ತ ಉಜ್ಜಬೇಡಿ. ಎರಡು-ಮೂರು ಡಿಸ್ಕಿನ ಸೆಟ್ಟಿನಲ್ಲಿ ಒಂದು ಕಳೆದಿರುವುದು ಸಾಮಾನ್ಯ. ಒಂಟಿ ಡಿಸ್ಕನ್ನೂ ಬಿಡಬೇಡಿ, ಅದರ ಜೋಡಿ ಇನ್ನೊಬ್ಬರ ಅಟ್ಟದಲ್ಲಿರುತ್ತದೆ. ಶೀಟಿನ ಮಾಡಿನ ಕೆಳಗೆ ಇಡಬೇಡಿ. ನಮ್ಮ ಬಯಲುಸೀಮೆಯ ಏಪ್ರಿಲ್-ಮೇ ಬಿಸಿಲಿಗೆ ಡಿಸ್ಕು ಬಾಗುತ್ತದೆ, ಟೇಪು ಅಂಟುತ್ತದೆ. ಬೂಷ್ಟು ಹಿಡಿದ ವೀಡಿಯೊ ಕ್ಯಾಸೆಟ್ಟನ್ನು ಚೊಕ್ಕ ಮಾಡಿಸದೆ ಯಂತ್ರಕ್ಕೆ ಹಾಕಿದರೆ ಟೇಪೂ ಹಾಳು, ಯಂತ್ರದ ಹೆಡ್ಡೂ ಹಾಳು. ಓಡುವ ಡಿಸ್ಕಾದರೆ ಅಂದೇ ಕಂಪ್ಯೂಟರಿಗೆ ಹಾಕಿ, ಎಂಪೆಗ್-ಎ.ವಿ. ಫೋಲ್ಡರಿನಲ್ಲಿರುವ ಡ್ಯಾಟ್ ಕಡತವನ್ನು ಹಾರ್ಡ್ ಡಿಸ್ಕಿಗೆ ಇಳಿಸಿಟ್ಟುಕೊಳ್ಳಿ.

ಇಷ್ಟೆಲ್ಲ ಏಕೆ, ಸರ್ಕಾರದ ಸಂಗ್ರಹಾಗಾರವಿದೆಯಲ್ಲ ಎಂದು ಕೇಳಬಹುದು. ಇದೆ. ಪುಣೆಯಲ್ಲಿ 1964ರಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಗಾರ ಆರಂಭವಾಯಿತು, ಪಿ.ಕೆ. ನಾಯರ್ ಅವರಂಥವರು ಅದಕ್ಕಾಗಿ ಬದುಕನ್ನೇ ಸವೆಸಿದರು. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ ಫಿಲ್ಮ್ ಹೆರಿಟೇಜ್ ಫೌಂಡೇಶನ್ನಿನ ಕೈಯಲ್ಲಿ ಹೊಸ ಜೀವ ಪಡೆದು 2024ರಲ್ಲಿ ವೆನಿಸ್ ಉತ್ಸವದಲ್ಲಿ ತೆರೆ ಕಂಡಿತು. ಅದು ಎಲ್ಲ ಕನ್ನಡಿಗರ ಹೆಮ್ಮೆ. ಆದರೆ ಸಂಗ್ರಹಾಗಾರ ಹುಟ್ಟುವ ಹೊತ್ತಿಗೇ ಬಹಳ ಹೋಗಿತ್ತು. ಭಾರತದಲ್ಲಿ ತಯಾರಾದ 1,300ಕ್ಕೂ ಹೆಚ್ಚು ಮೂಕಿ ಚಿತ್ರಗಳಲ್ಲಿ ಮೂವತ್ತರಷ್ಟೂ ಉಳಿದಿಲ್ಲ. ಕನ್ನಡದ ಮೊದಲ ವಾಕ್ಚಿತ್ರವಾಗಿ 1934ರಲ್ಲಿ ತೆರೆ ಕಂಡ ‘ಸತಿ ಸುಲೋಚನ’ ಇಂದು ನೋಡಲು ಸಿಗುವುದಿಲ್ಲ. ಆರ್. ನಾಗೇಂದ್ರರಾಯರ ರಾವಣ, ಸುಬ್ಬಯ್ಯ ನಾಯ್ಡು ಅವರ ಇಂದ್ರಜಿತು ಹೆಸರಾಗಿಯಷ್ಟೇ ಉಳಿದಿದ್ದಾರೆ. ಓಡಿ ಸವೆದ ಪ್ರಿಂಟುಗಳನ್ನು ಅವುಗಳೊಳಗಿನ ಬೆಳ್ಳಿಗಾಗಿ ಕರಗಿಸಿದ ಕಾಲವಿತ್ತು. ಬೆಳ್ಳಿಯ ಆಸೆಗೆ ಅಂದು ಆದದ್ದು ಪ್ಲಾಸ್ಟಿಕ್ಕಿನ ಕಾಸಿಗೆ ಇಂದು ಮತ್ತೆ ಆಗಬಾರದು. ನೆಗೆಟಿವ್ ಎಲ್ಲಿದೆಯೆಂದು ಯಾರಿಗೂ ಗೊತ್ತಿಲ್ಲದ ಚಿತ್ರಕ್ಕೆ ಒಂದು ಮಸುಕಾದ ವಿ.ಸಿ.ಡಿ. ಇದ್ದರೂ ಕಥೆ, ಮಾತು, ಮುಖ, ಹಾಡು ಉಳಿಯುತ್ತವೆ.

ಈ ಕೆಲಸ ವ್ಯಕ್ತಿಗಳ ಆಸಕ್ತಿಯಲ್ಲೇ ನಿಲ್ಲಬಾರದು. ಸಂಗ್ರಾಹಕರು ಕಣ್ಮುಚ್ಚಿದ ಮೇಲೆ ಅವರ ಕಪಾಟೂ ಗುಜರಿಗೇ ಹೋಗುವುದನ್ನು ನಾವು ಕಂಡಿದ್ದೇವೆ. ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಸಾರ್ವಜನಿಕ ಗ್ರಂಥಾಲಯಗಳಿವೆ, ಪಂಚಾಯಿತಿಗಳಲ್ಲಿ ಅರಿವು ಕೇಂದ್ರಗಳಿವೆ. ಅಲ್ಲಿ ಒಂದು ಕಪಾಟು, ಒಂದು ಕಂಪ್ಯೂಟರು, ಒಂದು ಹಾರ್ಡ್ ಡಿಸ್ಕು ಇದ್ದರೆ ಸಾಕು. ಕಾನೂನಿನಲ್ಲೂ ದಾರಿಯಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಲನಚಿತ್ರದ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ. ‘ಬೇಡರ ಕಣ್ಣಪ್ಪ’ದ ಅವಧಿ 2014ರ ಕೊನೆಗೇ ಮುಗಿದಿದೆ, ಅದರ ಸಾಹಿತ್ಯ, ಸಂಗೀತದ ಹಕ್ಕುಗಳ ಲೆಕ್ಕ ಬೇರೆ, ಅದನ್ನು ವಿಚಾರಿಸಿಕೊಂಡೇ ಪ್ರದರ್ಶಿಸಬೇಕು. 2012ರ ತಿದ್ದುಪಡಿಯಂತೆ, ಲಾಭಕ್ಕಲ್ಲದ ಸಾರ್ವಜನಿಕ ಗ್ರಂಥಾಲಯವು ತನ್ನ ಬಳಿ ಡಿಜಿಟಲ್ ಅಲ್ಲದ ಪ್ರತಿಯಿದ್ದರೆ, ಸಂರಕ್ಷಣೆಗಾಗಿ ಅದರ ಡಿಜಿಟಲ್ ಪ್ರತಿ ಮಾಡಿಟ್ಟುಕೊಳ್ಳಬಹುದು. ಹಳೆಯ ವೀಡಿಯೊ ಕ್ಯಾಸೆಟ್ಟುಗಳಿಗೆ ಇದು ದೊಡ್ಡ ಅನುಕೂಲ. ಗ್ರಂಥಾಲಯದವರು ಇದನ್ನು ತಿಳಿದು ಮುಂದೆ ಬರಬೇಕು. ಪದವಿ ಕಾಲೇಜುಗಳ ಕನ್ನಡ ವಿಭಾಗಗಳು ವಿದ್ಯಾರ್ಥಿಗಳಿಂದ ಪಟ್ಟಿ ಮಾಡಿಸಬೇಕು. ದೊಡ್ಡರಂಗೇಗೌಡರ ಹಾಡುಗಳಿರುವ ಚಿತ್ರಗಳು ಮಧುಗಿರಿಯಲ್ಲಿ, ಬರಗೂರರ ಚಿತ್ರಗಳು ಶಿರಾದಲ್ಲಿ ಒಂದೆಡೆ ಸಿಗುವಂತಾದರೆ ಅದು ಆ ಊರುಗಳಿಗೇ ಗೌರವ.

ಓದುಗರಲ್ಲಿ ನನ್ನ ವಿನಂತಿ ಇಷ್ಟು. ಈ ಬಾರಿ ಹಬ್ಬಕ್ಕೆ ಸುಣ್ಣ-ಬಣ್ಣ ಮಾಡಿಸುವಾಗ ಅಟ್ಟದ ಡಬ್ಬಿಯನ್ನು ಗುಜರಿಯವರ ಕೈಗೆ ಕೊಡುವ ಮುನ್ನ ಒಮ್ಮೆ ತೆರೆದು ನೋಡಿ. ಚಿತ್ರದ ಹೆಸರು, ಹೊರತಂದ ಕಂಪನಿ, ಎಷ್ಟು ಡಿಸ್ಕು, ಓಡುತ್ತದೋ ಇಲ್ಲವೋ ಇಷ್ಟನ್ನು ಒಂದು ಹಾಳೆಯಲ್ಲಿ ಬರೆಯಿರಿ. ನಿಮಗೆ ಬೇಡವಾದರೆ ಹತ್ತಿರದ ಗ್ರಂಥಾಲಯಕ್ಕೋ ಬೇಕೆನ್ನುವವರಿಗೋ ಕೊಡಿ. ಪಟ್ಟಿಯನ್ನು ನಮಗೂ ಕಳಿಸಿ. ಜೋಡಿ ತಪ್ಪಿದ ಡಿಸ್ಕುಗಳು ಜೋಡಿ ಸೇರಲೆಂದು ಮುಂದಿನ ಸಂಚಿಕೆಗಳಲ್ಲಿ ತಾಲ್ಲೂಕುವಾರು ಪ್ರಕಟಿಸುತ್ತೇವೆ.