ಹಳೆಯ ಕಾರಿನ ಹರಾಜು: ಕಾಣದ ಸರಕಿಗೆ ಬೆಲೆ ಕಟ್ಟುವ ಮುನ್ನ

ಕೊಲ್ಲಿ ರಾಷ್ಟ್ರಗಳಲ್ಲಿ ಇಪ್ಪತ್ತೋ ಮೂವತ್ತೋ ವರ್ಷ ದುಡಿದು ಊರಿಗೆ ಮರಳಿದ ಅನೇಕರ ಮನಸ್ಸಿನಲ್ಲಿ ಒಂದು ಸಣ್ಣ ಆಸೆ ಉಳಿದಿರುತ್ತದೆ. ಬಾಲ್ಯದಲ್ಲಿ ಊರಿನ ಸಾಹುಕಾರರ ಅಂಗಳದಲ್ಲಿ ನಿಂತಿರುತ್ತಿದ್ದ ಅಂಬಾಸಿಡರ್, ಮದುವೆಗೆ ಬಾಡಿಗೆಯ ಮೇಲೆ ಬರುತ್ತಿದ್ದ ಫಿಯಟ್, ಆಸ್ಪತ್ರೆಯ ವೈದ್ಯರು ಓಡಿಸುತ್ತಿದ್ದ ಕಾಂಟೆಸ್ಸಾ, ಇವುಗಳಲ್ಲಿ ಒಂದನ್ನು ತನ್ನದಾಗಿಸಿಕೊಳ್ಳಬೇಕೆಂಬ ಆಸೆ. ಹಿಂದೆ ಅದಕ್ಕಾಗಿ ಊರೂರು ಅಲೆಯಬೇಕಿತ್ತು. ಈಗ ಮೊಬೈಲಿನ ಪರದೆಯ ಮೇಲೆ ಹೊಳೆಯುವ ಛಾಯಾಚಿತ್ರಗಳೊಂದಿಗೆ ಹರಾಜೇ ಮನೆಗೆ ಬರುತ್ತದೆ. ಬೆರಳೊಂದನ್ನು ಒತ್ತಿದರೆ ಜೀವಮಾನದ ಉಳಿತಾಯದ ಒಂದು ಪಾಲು ಕೈಬಿಡುತ್ತದೆ. ಇಂತಹ ಕಾರನ್ನು ಕೊಳ್ಳಬಾರದೆಂದು ನಾನು ಹೇಳುವುದಿಲ್ಲ. ಆದರೆ ಪರೀಕ್ಷಿಸದೆ ಬಿಡ್ ಹಾಕುವುದನ್ನು ಬರಿಯ ದುಡುಕೆಂದು ಬಿಟ್ಟುಬಿಡಲಾಗದು. ಅದು ಕುಟುಂಬದ ಹಕ್ಕಿನ ಪ್ರಶ್ನೆಯೂ ಹೌದು ಎಂಬುದು ನನ್ನ ಅಭಿಪ್ರಾಯ.

ಹರಾಜಿನ ವ್ಯಾಪಾರವೇ ಸರಿಯಲ್ಲವೆಂದು ಕೆಲವರು ವಾದಿಸುವುದುಂಟು. ಒಬ್ಬನ ವ್ಯಾಪಾರದ ಮೇಲೆ ಇನ್ನೊಬ್ಬ ವ್ಯಾಪಾರ ಮಾಡಬಾರದೆಂಬ ಹದೀಸನ್ನು ಅವರು ಮುಂದಿಡುತ್ತಾರೆ. ಆ ನಿಷೇಧವು ಇಬ್ಬರ ನಡುವೆ ಮಾತು ಕುದುರಿದ ಬಳಿಕ ಮೂರನೆಯವನು ನಡುವೆ ನುಗ್ಗುವುದಕ್ಕೆ ಸಂಬಂಧಿಸಿದ್ದು. ಕಷ್ಟದಲ್ಲಿದ್ದ ಅನ್ಸಾರಿಯೊಬ್ಬರ ಹಾಸುಬಟ್ಟೆ ಮತ್ತು ಪಾತ್ರೆಯನ್ನು ಪ್ರವಾದಿವರ್ಯರು(ಸ) ಸ್ವತಃ ಜನರ ಮುಂದಿಟ್ಟು, ಒಂದು ದಿರ್ಹಮ್‌ಗಿಂತ ಹೆಚ್ಚು ಕೊಡುವವರಾರೆಂದು ಕೇಳಿ, ಎರಡು ದಿರ್ಹಮ್‌ಗೆ ಮಾರಿಕೊಟ್ಟ ಘಟನೆಯನ್ನು ಅನಸ್(ರ) ವರದಿ ಮಾಡಿದ್ದಾರೆ. ಹರಾಜು ಅನುಮತಿಸಲ್ಪಟ್ಟದ್ದೆಂಬುದಕ್ಕೆ ಬಹುತೇಕ ವಿದ್ವಾಂಸರು ಇದನ್ನೇ ಆಧಾರವಾಗಿಸಿದ್ದಾರೆ. ಆದರೆ ಅಲ್ಲಿ ಬಟ್ಟೆಯೂ ಪಾತ್ರೆಯೂ ಎಲ್ಲರ ಕಣ್ಣೆದುರಿಗಿದ್ದವು ಎಂಬುದನ್ನು ಮರೆಯಬಾರದು.

ನಮ್ಮ ಸಮಸ್ಯೆ ಆರಂಭವಾಗುವುದು ಅಲ್ಲಿಯೇ. ಕಾಣದ ಸರಕನ್ನು ಕೊಳ್ಳುವ ವಿಷಯದಲ್ಲಿ ಕರ್ಮಶಾಸ್ತ್ರದ ಮದ್‌ಹಬ್‌ಗಳ ನಡುವೆ ಭಿನ್ನತೆಯಿದೆ. ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಅನುಸರಿಸುವ ಶಾಫಿಈ ಮದ್‌ಹಬ್‌ನ ಪ್ರಬಲ ಅಭಿಪ್ರಾಯದ ಪ್ರಕಾರ, ಎದುರಿಗಿಲ್ಲದ, ನೋಡಿಯೇ ಇಲ್ಲದ ನಿರ್ದಿಷ್ಟ ವಸ್ತುವಿನ ಮಾರಾಟ ಸಿಂಧುವಾಗದು. ಒಳನಾಡಿನಲ್ಲಿ ಹೆಚ್ಚಾಗಿ ರೂಢಿಯಲ್ಲಿರುವ ಹನಫಿ ಮದ್‌ಹಬ್‌ನಲ್ಲಿ ಅಂತಹ ಮಾರಾಟ ನಡೆಯಬಹುದು. ಆದರೆ ಸರಕನ್ನು ನೋಡಿದ ಮೇಲೆ ಬೇಡವೆನ್ನುವ ಆಯ್ಕೆ ಕೊಳ್ಳುವವನಿಗೆ ಉಳಿಯುತ್ತದೆ. ಆನ್‌ಲೈನ್ ಹರಾಜಿನ ಷರತ್ತುಗಳು ಸಾಮಾನ್ಯವಾಗಿ ಕಿತ್ತುಕೊಳ್ಳುವುದು ಇದೇ ಆಯ್ಕೆಯನ್ನು. ನಾಲ್ಕೈದು ಡಜನ್ ಛಾಯಾಚಿತ್ರಗಳನ್ನು ‘ನೋಡುವುದು’ ಎಂದು ಪರಿಗಣಿಸಬಹುದೇ ಎಂಬುದನ್ನು ವಿದ್ವಾಂಸರಲ್ಲಿ ಕೇಳಿ ತಿಳಿಯಬೇಕು. ಹೊಸ ಕಾರಿನ ಮಾತು ಬೇರೆ. ಒಂದು ಮಾದರಿಯನ್ನು ಕಂಡರೆ ಅದೇ ಬಗೆಯ ಉಳಿದವನ್ನೂ ಕಂಡಂತೆಯೇ. ನಲವತ್ತು ವರ್ಷ ಹಳೆಯದಾದ ಎರಡು ಕಾರುಗಳು ಎಂದೂ ಒಂದೇ ಆಗಿರುವುದಿಲ್ಲ.

ಪ್ರೀಮಿಯರ್ ಪದ್ಮಿನಿಯನ್ನೇ ತೆಗೆದುಕೊಳ್ಳೋಣ. 1964ರಲ್ಲಿ ಫಿಯಟ್ 1100 ಡಿಲೈಟ್ ಎಂಬ ಹೆಸರಿನಲ್ಲಿ ಮುಂಬಯಿಯ ಕುರ್ಲಾ ಕಾರ್ಖಾನೆಯಿಂದ ಹೊರಬಂದು, ಎಪ್ಪತ್ತರ ದಶಕದಲ್ಲಿ ಪದ್ಮಿನಿಯೆಂದು ಮರುನಾಮಕರಣಗೊಂಡ ಕಾರಿದು. 1089 ಸಿಸಿ ಎಂಜಿನ್. ಬಹುತೇಕ ಕಾರುಗಳಲ್ಲಿ ಗೇರಿನ ಕೋಲು ಸ್ಟೀರಿಂಗಿನ ಪಕ್ಕದಲ್ಲಿ. ಇದಕ್ಕೆ ಜೀಪಿನಂತೆ ಪ್ರತ್ಯೇಕ ಚಾಸಿಸ್ ಚೌಕಟ್ಟಿಲ್ಲ. ದೇಹದ ತಗಡೇ ಇಡೀ ಭಾರವನ್ನು ಹೊರುತ್ತದೆ. ಆದ್ದರಿಂದ ತುಕ್ಕು ಇಲ್ಲಿ ಅಂದದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ. ಬಾಗಿಲಿನ ಕೆಳಗೆ ಉದ್ದಕ್ಕೆ ಸಾಗುವ ಪಟ್ಟಿ, ಕಾಲಡಿಯ ನೆಲ, ಚಕ್ರದ ಕಮಾನಿನ ಒಳಭಾಗ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಳಿ, ಬ್ಯಾಟರಿಯ ಕೆಳಗಿನ ತಟ್ಟೆ, ನೀರು ನಿಲ್ಲುವ ಈ ಜಾಗಗಳೇ ಮೊದಲು ಕೊಳೆಯುತ್ತವೆ. ಸಮುದ್ರದ ಉಪ್ಪುಗಾಳಿಯಲ್ಲಿ ಬದುಕಿದ ಮುಂಬಯಿ ಮತ್ತು ಮಂಗಳೂರಿನ ಕಾರುಗಳಲ್ಲಿ ಇದು ಇನ್ನೂ ತೀವ್ರ. ಹರಾಜಿನ ಚಿತ್ರಗಳು ಈ ಜಾಗಗಳನ್ನು ತೋರಿಸುವುದು ಅಪರೂಪ. ಸಂಜೆಯ ಬೆಳಕಿನಲ್ಲಿ, ನೀರು ಹಾಯಿಸಿದ ನೆಲದ ಮೇಲೆ ನಿಂತ ಕಾರು ಚೆಲುವಾಗಿಯೇ ಕಾಣುತ್ತದೆ. ಚಿತ್ರಗಳಲ್ಲಿ ಏನಿದೆ ಎಂಬುದಕ್ಕಿಂತ ಏನಿಲ್ಲ ಎಂಬುದನ್ನು ಓದಲು ಕಲಿಯಬೇಕು. ಮ್ಯಾಟ್ ಎತ್ತಿದ ನೆಲದ ಚಿತ್ರ ಕೊಡಿ, ಲಿಫ್ಟ್ ಮೇಲೇರಿಸಿ ಅಡಿಯ ಚಿತ್ರ ಕೊಡಿ ಎಂದು ಕೇಳಿದಾಗ ಮಾರುವವರು ಹೇಗೆ ಉತ್ತರಿಸುತ್ತಾರೆ ಎಂಬುದೇ ಅರ್ಧ ಪರೀಕ್ಷೆ. ಇನ್ನರ್ಧಕ್ಕೆ ಅಲ್ಲಿಯೇ ಹತ್ತಿರದ ಟಿಂಕರಿಂಗ್ ಕೆಲಸದವರನ್ನು ಕೂಲಿ ಕೊಟ್ಟು ಕಳುಹಿಸಬೇಕು. ಅವರ ಕೈಯಲ್ಲಿ ತೆಳುಬಟ್ಟೆ ಸುತ್ತಿದ ಒಂದು ಅಯಸ್ಕಾಂತವಿದ್ದರೆ ಸಾಕು. ಅದು ತಗಡಿಗೆ ಅಂಟಿಕೊಳ್ಳದೆ ಜಾರಿದ ಕಡೆ ಬಣ್ಣದಡಿಯಲ್ಲಿ ಪುಟ್ಟಿ ತುಂಬಿದೆಯೆಂದೇ ಅರ್ಥ. ಲಕ್ಷಗಟ್ಟಲೆ ಬೆಲೆಯ ಕಾರಿಗೆ ಎರಡು ಸಾವಿರ ರೂಪಾಯಿಯ ಈ ಖರ್ಚನ್ನು ಉಳಿಸಲು ಹೋಗುವವರನ್ನು ಕಂಡರೆ ನನಗೆ ಸೋಜಿಗವಾಗುತ್ತದೆ.

ಎಂಜಿನ್‌ನ ವಿಷಯದಲ್ಲಿ ಒಂದು ಹದೀಸ್ ನೆನಪಿಗೆ ಬರುತ್ತದೆ. ಒಂಟೆ ಅಥವಾ ಆಡನ್ನು ಮಾರುವ ಮುನ್ನ ಕೆಲವು ದಿನ ಹಾಲು ಕರೆಯದೆ ಬಿಟ್ಟು, ಕೆಚ್ಚಲು ತುಂಬಿರುವಂತೆ ತೋರಿಸುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿದರು. ಹಾಗೆ ಮೋಸಹೋದವನಿಗೆ ಪ್ರಾಣಿಯನ್ನು ಇಟ್ಟುಕೊಳ್ಳುವ, ಇಲ್ಲವೇ ಕುಡಿದ ಹಾಲಿಗೆ ಬದಲಾಗಿ ಒಂದು ಸಾಅ್ ಖರ್ಜೂರದೊಂದಿಗೆ ಹಿಂದಿರುಗಿಸುವ ಹಕ್ಕನ್ನು ನೀಡಿದರು. ಮುಂಚಿತವಾಗಿ ಅರ್ಧ ಗಂಟೆ ಓಡಿಸಿ ಬಿಸಿಮಾಡಿದ ಎಂಜಿನ್ನನ್ನು ‘ಒಂದೇ ಕೀಲಿಗೆ ಸ್ಟಾರ್ಟ್’ ಎಂದು ವೀಡಿಯೊದಲ್ಲಿ ತೋರಿಸುವುದು ಕರೆಯದೆ ಬಿಟ್ಟ ಕೆಚ್ಚಲೇ ಅಲ್ಲವೇ? ಸವೆದ ಎಂಜಿನ್ ತನ್ನ ಕಷ್ಟವನ್ನು ಹೇಳಿಕೊಳ್ಳುವುದು ರಾತ್ರಿಯಿಡೀ ತಣ್ಣಗಾದ ಮೇಲೆ. ಆದ್ದರಿಂದ ಬೆಳಗಿನ ಮೊದಲ ಸ್ಟಾರ್ಟಿನ ವೀಡಿಯೊವನ್ನು, ಹೊಗೆ ಕೊಳವೆಯೂ ಕಾಣುವಂತೆ, ಕತ್ತರಿಸದೆ ಕೊಡುವಂತೆ ಕೇಳಬೇಕು. ನೀಲಿ ಹೊಗೆ ಬಂದರೆ ಎಣ್ಣೆ ಸುಡುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ರೇಡಿಯೇಟರಿನ ನೀರು ಒಳಗೆ ಸೇರುತ್ತಿರಬಹುದು. ಕಪ್ಪು ಹೊಗೆ ಹೆಚ್ಚಾಗಿ ಕಾರ್ಬ್ಯುರೇಟರಿನ ಹೊಂದಾಣಿಕೆಯ ದೋಷ. ಅದು ಅಷ್ಟು ಭಯದ್ದಲ್ಲ. ಇನ್ನು ಓಡಿದ ಕಿಲೋಮೀಟರಿನ ಅಂಕಿಯನ್ನು ನಂಬಲೇಬಾರದು. ಐದೇ ಅಂಕಿಗಳ ಹಳೆಯ ಮೀಟರು 99,999 ದಾಟಿದೊಡನೆ ಸೊನ್ನೆಗೆ ಮರಳುತ್ತದೆ. 42,000 ಎಂದು ತೋರಿಸುವುದು 1,42,000 ಆಗಿರಬಹುದು. ಪೆಡಲಿನ ರಬ್ಬರು ಎಷ್ಟು ಸವೆದಿದೆ ಎಂಬುದು ಅದಕ್ಕಿಂತ ಪ್ರಾಮಾಣಿಕ ಸಾಕ್ಷಿ.

ಹರಾಜಿನ ಪುಟದ ಕೊನೆಯಲ್ಲಿ ಸಣ್ಣಕ್ಷರಗಳಲ್ಲಿ ಒಂದು ವಾಕ್ಯವಿರುತ್ತದೆ: ವಾಹನವನ್ನು ಇರುವ ಸ್ಥಳದಲ್ಲಿ, ಇರುವ ಸ್ಥಿತಿಯಲ್ಲಿ ಮಾರಲಾಗುತ್ತದೆ. ಕೊಳ್ಳುವವನನ್ನು ಬೆದರಿಸುವ ವಾಕ್ಯವಿದು. ಮಾರುವವನ ಮನಸ್ಸಾಕ್ಷಿಯನ್ನು ಮಲಗಿಸುವ ವಾಕ್ಯವೂ ಹೌದು. ನಮ್ಮ ಸಮುದಾಯದ ವಾಹನ ವ್ಯಾಪಾರಿಗಳೇ ‘ನಾನು ಮೊದಲೇ ಹೇಳಿದ್ದೇನಲ್ಲ’ ಎಂದು ಇದರ ಹಿಂದೆ ನಿಲ್ಲುವುದುಂಟು. ಎಲ್ಲ ದೋಷಗಳ ಹೊಣೆಯಿಂದ ತಾನು ಮುಕ್ತನೆಂಬ ಷರತ್ತನ್ನು ಹನಫಿ ಮದ್‌ಹಬ್ ಒಪ್ಪುತ್ತದೆ, ನಿಜ. ಶಾಫಿಈ ಮದ್‌ಹಬ್ ಅದನ್ನು ಬಹಳ ಸಂಕುಚಿತಗೊಳಿಸಿ, ಪ್ರಾಣಿಯ ಒಳಗಿನ, ಮಾರುವವನಿಗೂ ಗೊತ್ತಿಲ್ಲದ ದೋಷಕ್ಕೆ ಮಾತ್ರ ಸೀಮಿತಗೊಳಿಸುತ್ತದೆ. ಆದರೆ ತಿಳಿದೂ ತಿಳಿದು ದೋಷವನ್ನು ಮುಚ್ಚಿಡಲು ಯಾವ ಮದ್‌ಹಬ್‌ನಲ್ಲೂ ಅನುಮತಿಯಿಲ್ಲ. ಮದೀನಾದ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿವರ್ಯರು(ಸ) ಕೈಹಾಕಿದಾಗ ಬೆರಳಿಗೆ ತೇವ ತಗುಲಿದ ಘಟನೆ ನಮ್ಮ ಮದ್ರಸಾದ ಮಕ್ಕಳಿಗೂ ಗೊತ್ತು. ಮಳೆಗೆ ನೆನೆದದ್ದೆಂದು ವ್ಯಾಪಾರಿ ಹೇಳಿದ. ಮಳೆ ಅವನ ತಪ್ಪಲ್ಲ. ನೆನೆದ ಕಾಳನ್ನು ಜನರಿಗೆ ಕಾಣುವಂತೆ ಮೇಲಿಡಲಿಲ್ಲವೆಂಬುದೇ ಅವನ ತಪ್ಪು. ಹಾಗೆಯೇ ತುಕ್ಕು ಹಿಡಿಯುವುದು ಯಾರ ತಪ್ಪೂ ಅಲ್ಲ. ತುಕ್ಕಿನ ಮೇಲೆ ಪುಟ್ಟಿ ಮೆತ್ತಿ, ಬಣ್ಣ ಬಳಿದು, ‘ಮೂಲ ಸ್ಥಿತಿಯಲ್ಲಿದೆ’ ಎಂದು ಬರೆಯುವುದು ತಪ್ಪು. ಸಣ್ಣಕ್ಷರದ ಷರತ್ತು ಅದನ್ನು ಹಲಾಲ್ ಮಾಡುವುದಿಲ್ಲ. ದೇಶದ ಕಾನೂನು ಕೂಡ ಇಲ್ಲಿ ದೂರವಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯು ಗೊತ್ತಿದ್ದ ಸಂಗತಿಯನ್ನು ಸಕ್ರಿಯವಾಗಿ ಮರೆಮಾಚುವುದನ್ನು ವಂಚನೆಯೆಂದೇ ಕರೆಯುತ್ತದೆ. ಹೀಗಿದ್ದರೂ ಕೊಳ್ಳುವವರು ಕಾನೂನನ್ನು ನಂಬಿ ಕಣ್ಣು ಮುಚ್ಚುವಂತಿಲ್ಲ. ಮೊಕದ್ದಮೆ ಹೂಡಿ ಗೆಲ್ಲುವಷ್ಟರಲ್ಲಿ ಕಾರಿನ ಉಳಿದ ಭಾಗವೂ ತುಕ್ಕು ತಿಂದಿರುತ್ತದೆ.

ಇನ್ನೊಂದು ಪಿಡುಗು ಕೃತಕ ಬಿಡ್. ಕೊಳ್ಳುವ ಉದ್ದೇಶವಿಲ್ಲದೆ ಬೆಲೆ ಏರಿಸಲೆಂದೇ ಕೂಗುವುದನ್ನು ‘ನಜಶ್’ ಎಂದು ಹದೀಸ್ ನಿಷೇಧಿಸಿದೆ. 1930ರ ಸರಕುಗಳ ಮಾರಾಟ ಕಾಯ್ದೆಯ 64ನೆಯ ವಿಧಿಯ ಪ್ರಕಾರವೂ ಮಾರುವವನು ಹುಸಿ ಬಿಡ್‌ಗಳಿಂದ ಬೆಲೆ ಏರಿಸಿದರೆ ಮಾರಾಟವನ್ನು ರದ್ದುಪಡಿಸುವ ಆಯ್ಕೆ ಕೊಂಡವನಿಗಿದೆ. ಆದರೆ ಪರದೆಯ ಹಿಂದೆ ಯಾರಿದ್ದಾರೆಂದು ಸಾಬೀತುಪಡಿಸುವುದು ಹೇಗೆ? ಅಮೆರಿಕದ ‘ಬ್ರಿಂಗ್ ಎ ಟ್ರೈಲರ್’ನಂತಹ ಹರಾಜುಗಳಲ್ಲಿ ಕೊನೆಯ ಎರಡು ನಿಮಿಷದೊಳಗೆ ಬಿಡ್ ಬಿದ್ದರೆ ಗಡಿಯಾರ ಮತ್ತೆ ಎರಡು ನಿಮಿಷಕ್ಕೆ ಮರಳುತ್ತದೆ. ಆ ಎರಡು ನಿಮಿಷಗಳಲ್ಲಿ ಮನುಷ್ಯ ಕೊಳ್ಳುವುದನ್ನು ಬಿಟ್ಟು ಗೆಲ್ಲಲು ಹೊರಡುತ್ತಾನೆ. ನನ್ನ ಕಾರಿನಿಂದ ಬೇರೆಯವರು ಕಸಿಯುತ್ತಿದ್ದಾರೆಂಬ ಭಾವ, ಕಾರು ಇನ್ನೂ ತನ್ನದಾಗುವ ಮೊದಲೇ! ಮಿತಿಯನ್ನು ಹಿಂದಿನ ದಿನವೇ ಮಡದಿಯೊಂದಿಗೆ ಕುಳಿತು ನಿಶ್ಚಯಿಸಿ, ಕಾಗದದಲ್ಲಿ ಬರೆದಿಡುವುದು ಲೇಸು.

ಆ ಮಿತಿಯಲ್ಲಿ ಕೂಗಿದ ಬೆಲೆಯೊಂದೇ ಇದ್ದರೆ ಸಾಲದು. ಹರಾಜು ಸಂಸ್ಥೆಯ ಕಮಿಷನ್, ಅದರ ಮೇಲಿನ ತೆರಿಗೆ, ಟ್ರಕ್ಕಿನಲ್ಲಿ ಸಾಗಿಸುವ ವೆಚ್ಚ, ವಿಮೆ, ಬಂದ ಕೂಡಲೇ ಬದಲಿಸಬೇಕಾದ ಟೈರು ಮತ್ತು ಬ್ರೇಕು, ಇವೆಲ್ಲ ಸೇರಬೇಕು. ಈಗ ಬಂಕ್‌ಗಳಲ್ಲಿ ಸಿಗುವ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆಯ ರಬ್ಬರು ಕೊಳವೆಗಳು ತಯಾರಾದವಲ್ಲ; ಅವನ್ನೂ ಬದಲಿಸಬೇಕಾಗುತ್ತದೆ. ಇಷ್ಟೆಲ್ಲ ಸೇರಿದ ಮೊತ್ತವನ್ನು ಮಗಳ ಕಾಲೇಜು ಶುಲ್ಕವನ್ನೋ ಉಮ್ಮನ ಔಷಧಿಯ ಹಣವನ್ನೋ ಮುಟ್ಟದೆ ಕೊಡಲಾಗದಿದ್ದರೆ, ಆ ಕಾರು ಅವನದಲ್ಲ. ಬಡ್ಡಿಯ ಸಾಲ ಮಾಡಿ ವಿನೋದದ ಕಾರು ಕೊಳ್ಳುವುದರ ಬಗ್ಗೆ ಬೇರೆ ಹೇಳಬೇಕಾಗಿಲ್ಲ. ‘ಹಳೆಯ ಕಾರು ಒಂದು ಹೂಡಿಕೆ’ ಎಂಬ ಮಾತನ್ನು ನಾನು ನಂಬುವುದಿಲ್ಲ. ಸಂತೋಷಕ್ಕಾಗಿ ಕೊಳ್ಳುತ್ತೇನೆಂದು ಒಪ್ಪಿಕೊಂಡರೆ ಲೆಕ್ಕವಾದರೂ ಸರಿಯಾಗಿರುತ್ತದೆ.

ದಾಖಲೆಗಳ ಪರೀಕ್ಷೆ ಯಂತ್ರದ ಪರೀಕ್ಷೆಗಿಂತ ಕಡಿಮೆಯದಲ್ಲ. ಕಾರಿನ ಮೇಲೆ ಕೆತ್ತಿದ ಚಾಸಿಸ್ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳ ಚಿತ್ರವನ್ನು ಆರ್‌ಸಿಯೊಂದಿಗೆ ಹೋಲಿಸಬೇಕು. ಹದಿನೈದು ವರ್ಷದ ಬಳಿಕ ನೋಂದಣಿಯನ್ನು ನವೀಕರಿಸಲಾಗಿದೆಯೇ, ಹೊರರಾಜ್ಯದ ಕಾರಾದರೆ ಅಲ್ಲಿನ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ದೊರೆಯುವುದೇ ಎಂದು ನೋಡಬೇಕು. 2021ರ ನಿಯಮದಂತೆ ಐವತ್ತು ವರ್ಷ ಮೀರಿದ, ಮೂಲ ರೂಪದಲ್ಲೇ ಉಳಿದ ವಾಹನಕ್ಕೆ ‘ವಿಂಟೇಜ್’ ನೋಂದಣಿಯಿದೆ. ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಆದರೆ ಅಂತಹ ಕಾರಿನಲ್ಲಿ ಪ್ರದರ್ಶನಕ್ಕೋ ರ‍್ಯಾಲಿಗೋ ಹೋಗಬಹುದೇ ಹೊರತು ನಿತ್ಯ ಪೇಟೆಗೆ ಓಡಾಡುವಂತಿಲ್ಲ. 1985ರ ಕಾಂಟೆಸ್ಸಾವನ್ನು ವಿಂಟೇಜ್ ಎಂದು ಬಣ್ಣಿಸಿದ್ದರೆ ಅದು ಜಾಹೀರಾತಿನ ಮಾತಷ್ಟೆ.

ಇವೆಲ್ಲಕ್ಕಿಂತ ನನ್ನನ್ನು ಕಾಡುವ ದಾಖಲೆ ಮತ್ತೊಂದಿದೆ. ಹಳೆಯ ಕಾರುಗಳಲ್ಲಿ ಅನೇಕವು ತೀರಿಕೊಂಡ ತಂದೆಯ ಅಥವಾ ಅಜ್ಜನ ಹೆಸರಿನಲ್ಲಿಯೇ ಉಳಿದಿರುತ್ತವೆ. ಮನೆಯಲ್ಲಿ ಉಳಿದ ಒಬ್ಬ ಮಗ ಅದನ್ನು ತೊಳೆದು, ಚಿತ್ರ ತೆಗೆದು ಹರಾಜಿಗಿಡುತ್ತಾನೆ. ವಾರೀಸುದಾರರ ಹೆಸರಿಗೆ ವರ್ಗಾಯಿಸಲು ಆರ್‌ಟಿಒ ಕಚೇರಿಯಲ್ಲಿ 31ನೆಯ ನಮೂನೆಯಿದೆ. ಆದರೆ ಅದು ಭರ್ತಿಯಾಯಿತೆಂದ ಮಾತ್ರಕ್ಕೆ ಹಕ್ಕಿನ ಪ್ರಶ್ನೆ ಮುಗಿಯಲಿಲ್ಲ. ಆ ಕಾರಿನಲ್ಲಿ ವಿಧವೆ ತಾಯಿಗೂ ಮದುವೆಯಾಗಿ ಹೋದ ಸಹೋದರಿಯರಿಗೂ ಕುರ್‌ಆನ್ ನಿಗದಿಪಡಿಸಿದ ಪಾಲಿದೆ. ಆಸ್ತಿಯಲ್ಲೇ ಹೆಣ್ಣುಮಕ್ಕಳ ಪಾಲನ್ನು ಮರೆಯುವ ಮನೆಗಳಲ್ಲಿ ಗ್ಯಾರೇಜಿನ ಕಾರಿನ ಪಾಲನ್ನು ಯಾರು ನೆನೆದಾರು? ಆದ್ದರಿಂದ ಮೃತರ ಹೆಸರಿನ ಕಾರಾಗಿದ್ದರೆ, ಎಲ್ಲ ವಾರೀಸುದಾರರ ಸಹಿಯಿರುವ ಒಪ್ಪಿಗೆ ಪತ್ರವನ್ನು ಹರಾಜು ಮುಗಿಯುವ ಮೊದಲೇ ತೋರಿಸುವಂತೆ ಮಾರುವವರನ್ನು ಲಿಖಿತವಾಗಿ ಕೇಳಬೇಕು. ತಾಯಿಯ ಮತ್ತು ಸಹೋದರಿಯರ ಸಹಿ ಅದರಲ್ಲಿಲ್ಲದಿದ್ದರೆ, ಕಾರು ಎಷ್ಟೇ ಚೆನ್ನಾಗಿದ್ದರೂ ಬಿಡ್ ಹಾಕಬಾರದು.