ನೂರು ರೂಪಾಯಿ ಲಕ್ಷವಾಗುವ ದಾರಿ

ಬ್ಯಾಂಕಿನಲ್ಲಿ ಲೆಕ್ಕ ತಪ್ಪಿದರೆ ಮೊದಲು ಬೈಸಿಕೊಳ್ಳುವವನು ಎಂಟ್ರಿ ಹಾಕಿದ ಕ್ಲಾರ್ಕು. ಆದರೆ ಕೆಲವು ಸಲ ಆ ಬಡಪಾಯಿ ಸರಿಯಾಗಿಯೇ 100 ಅಂತ ಹೊಡೆದಿರುತ್ತಾನೆ. ಒಳಗೆ ಒಂದು ಪ್ರೋಗ್ರಾಂ ಇನ್ನೊಂದಕ್ಕೆ ಅದನ್ನು ದಾಟಿಸುವಾಗ 1,00,000 ಆಗಿರುತ್ತದೆ! ಉತ್ಪ್ರೇಕ್ಷೆ ಅಲ್ಲ ಸ್ವಾಮಿ, ಲೆಕ್ಕ ಕೊಡುತ್ತೇನೆ.

ನರಿಮನ್ ಪಾಯಿಂಟಿನ ನಮ್ಮ ಆಫೀಸಿನಲ್ಲಿ ಇದ್ದದ್ದು ಐಬಿಎಂನ ಎಎಸ್/400. 1988ರಲ್ಲಿ ಬಂದ ಯಂತ್ರ, ಹೆಸರು ಬದಲಿಸುತ್ತಾ ಅದರ ವಂಶ ಇವತ್ತೂ 'ಐಬಿಎಂ ಐ' ಅಂತ ನಡೆದಿದೆ. ಅದರಲ್ಲಿ ಸಿಎಲ್ ಪ್ರೋಗ್ರಾಂ ಮೇಸ್ತ್ರಿ ಇದ್ದ ಹಾಗೆ; ಲೆಕ್ಕ ಮಾಡುವುದು ಆರ್‌ಪಿಜಿ ಪ್ರೋಗ್ರಾಂ. ಮೇಸ್ತ್ರಿ ಇನ್ನೊಂದನ್ನು ಕರೆಯುವಾಗ 100 ಅಂತ ನೇರವಾಗಿ ಅಂಕಿ ಬರೆದರೆ, ಯಂತ್ರ ಅದನ್ನು ಒಟ್ಟು 15 ಅಂಕಿ, ಅದರಲ್ಲಿ ಬಿಂದುವಿನ ನಂತರ 5, ಹೀಗೆ 8 ಬೈಟಿನಲ್ಲಿ ಕಟ್ಟಿ ಕೊಡುತ್ತದೆ. ಆದರೆ ಬಿಂದು ಮಾತ್ರ ಜೊತೆಗೆ ಹೋಗುವುದಿಲ್ಲ! ಅದು ಎಲ್ಲಿದೆ ಅನ್ನುವುದು ಪಡೆಯುವವನ ತಿಳುವಳಿಕೆಗೆ ಬಿಟ್ಟದ್ದು.

ಪಡೆಯುವ ಪ್ರೋಗ್ರಾಂ 9 ಅಂಕಿಗೆ ಮಾತ್ರ ಜಾಗ ಇಟ್ಟುಕೊಂಡಿದ್ದರೆ, ಕೊನೆಯಲ್ಲಿ ಇರಬೇಕಾದ ಪ್ಲಸ್-ಮೈನಸ್ ಗುರುತು ಸಿಗದೆ 'ಡೆಸಿಮಲ್ ಡೇಟಾ ಎರರ್' ಅಂತ ನಿಂತುಬಿಡುತ್ತದೆ. ನಿಂತರೆ ಒಳ್ಳೆಯದೇ. ಅಪಾಯ ಇರುವುದು ಅದೂ 15 ಅಂಕಿಯದ್ದೇ ಆಗಿ, ಪೈಸೆಗೆ ಅಂತ 2 ಸ್ಥಾನ ಇಟ್ಟುಕೊಂಡಾಗ. ಅಳತೆ ಕೂಡಿತು, ಗುರುತೂ ಸಿಕ್ಕಿತು, ಯಾರೂ ಕೂಗಲಿಲ್ಲ. 100.00000 ಹೋಗಿ 100000.00 ಆಯಿತು.

ಇನ್ನೊಂದು ಕಿಲಾಡಿತನ ನೋಡಿ. ಮೇಸ್ತ್ರಿಯ ಬಳಿಯೂ 15ರಲ್ಲಿ 2 ಅಂತಲೇ ವೇರಿಯಬಲ್ ಇಟ್ಟು ಹಗಲು ನೇರವಾಗಿ ಕರೆದರೆ ಎಲ್ಲ ಸರಿ, ಟೆಸ್ಟಿಂಗ್ ಪಾಸು. ಅದೇ ಕರೆಯನ್ನು ಎಸ್‌ಬಿಎಂಜಾಬ್ ಮೂಲಕ ರಾತ್ರಿಯ ಬ್ಯಾಚಿಗೆ ಕಳಿಸಿದರೆ ವೇರಿಯಬಲ್ ಹೋಗುವುದಿಲ್ಲ, ಅದರ ಬೆಲೆಯನ್ನು ಬರೀ ಅಂಕಿಯಾಗಿ ಬರೆದು ಕಳಿಸಲಾಗುತ್ತದೆ. ಅಲ್ಲಿಗೆ ಮತ್ತೆ 15ರಲ್ಲಿ 5! ನಾವೆಲ್ಲ ವಿಟಿಯಲ್ಲಿ (ಸಿಎಸ್‌ಎಂಟಿ ಅನ್ನಲು ನನಗಿನ್ನೂ ನಾಲಿಗೆ ತಿರುಗುವುದಿಲ್ಲ) ಲೋಕಲ್ ಹಿಡಿದು ಡೊಂಬಿವಲಿ ಮುಟ್ಟಿ ಮಲಗಿದ ಮೇಲೆ ನಡೆಯುವ ಕೆಲಸ ಇದು.

ಮದ್ದು ಇಲ್ಲದಿಲ್ಲ. ಪಡೆಯುವ ಪ್ರೋಗ್ರಾಮೇ 15ರಲ್ಲಿ 5 ಅಂತ ತೆಗೆದುಕೊಂಡು ಒಳಗೆ ಬದಲಿಸಿಕೊಳ್ಳಬಹುದು. ಅಥವಾ ಅದಕ್ಕೆಂದೇ ಒಂದು ಸ್ವಂತ ಕಮಾಂಡ್ ಮಾಡಿ, ಅಂಕಿ ಎಷ್ಟು, ಬಿಂದುವಿನ ನಂತರ ಎಷ್ಟು ಎಂದು ಅದರಲ್ಲೇ ಬರೆದಿಟ್ಟು, ಬ್ಯಾಚಿಗೆ ಆ ಕಮಾಂಡನ್ನೇ ಕಳಿಸಬಹುದು. ನನ್ನ ಓಟು ಎರಡನೆಯದಕ್ಕೆ, ಯಾಕೆಂದರೆ ಒಪ್ಪಂದ ಒಂದು ಕಡೆ ಬರವಣಿಗೆಯಲ್ಲಿ ಉಳಿಯುತ್ತದೆ.

ನನ್ನ ತಕರಾರು ಬೇರೆ. 'ಇದೆಲ್ಲ ಟೆಕ್ನಿಕಲ್, ನಿಮಗೆ ತಿಳಿಯಲ್ಲ ಸಾರ್' ಅಂತ ಕಂಪ್ಯೂಟರ್ ವಿಭಾಗದವರು ಅಂದ ಕೂಡಲೇ ಬಿಕಾಂ ಓದಿದ ನಾವು ಯಾಕೆ ಎದ್ದು ಬರಬೇಕು? ಇದು ಪೈಸೆ ಕಾಲಮ್ಮಿನ ಪ್ರಶ್ನೆ, ಅಂದರೆ ನಮ್ಮದೇ ವಿಷಯ. ಹೊಸ ಪ್ರೋಗ್ರಾಮಿಗೆ ಸೈನ್ ಹಾಕುವುದೂ ನಾವೇ ತಾನೆ? 100.25ರಂಥ ಮೊತ್ತ ಹಾಕಿ, ರಾತ್ರಿಯ ಜಾಬನ್ನು ಬ್ಯಾಚಿನ ದಾರಿಯಲ್ಲೇ ಓಡಿಸಿ ತೋರಿಸಿ ಅಂತ ಕೇಳೋಣ. ಆಮೇಲೂ ವ್ಯತ್ಯಾಸ ಬಂದರೆ ಕ್ಲಾರ್ಕನ್ನು ಕರೆಸೋಣ.